ಎರಡು ಸೆಂಟಿಮೀಟರಿನ ತಕರಾರು: ಇಬ್ಬರು ಮಕ್ಕಳು, ಒಂದು ಗಾಡಿ

ಪ್ರಶ್ನೆ: ನನ್ನ ಮಗನಿಗೆ ಈಗ 22 ತಿಂಗಳು. ಇನ್ನು ಹತ್ತು ವಾರಕ್ಕೆ ಎರಡನೆಯ ಹೆರಿಗೆ. ಮೊದಲನೆಯದು ಸಿಸೇರಿಯನ್ ಆಗಿತ್ತು, ಇದೂ ಹಾಗೇ ಆಗಬಹುದು ಅಂದಿದ್ದಾರೆ. ಮಗನನ್ನು ದಿನಾ ನಡೆದುಕೊಂಡೇ ಡೇಕೇರ್‌ಗೆ ಬಿಡುತ್ತೇನೆ, ಒಂದೂವರೆ ಕಿಲೋಮೀಟರ್ ದಾರಿ. ಅರ್ಧ ದಾರಿ ನಡೆಯುತ್ತಾನೆ. ಆಮೇಲೆ ಎತ್ತಿಕೋ ಅನ್ನುತ್ತಾನೆ, ಇಲ್ಲವೇ ಕೈ ಬಿಡಿಸಿಕೊಂಡು ರಸ್ತೆ ಕಡೆಗೆ ಓಡುತ್ತಾನೆ. ಈಗ ಇರುವುದು ಒಂದೇ ಸೀಟಿನ ಸಾಮಾನ್ಯ ಸ್ಟ್ರಾಲರ್. ನಾವಿರುವುದು ಮೂರನೇ ಮಹಡಿ, ಲಿಫ್ಟ್ ಚಿಕ್ಕದು; ಬಾಗಿಲು ಅಳೆದರೆ 74 ಸೆಂ.ಮೀ. ಬಂತು. ನಾದಿನಿ ತಮ್ಮ ಅವಳಿ ಮಕ್ಕಳಿಗೆ ಬಳಸಿದ, ಅಕ್ಕಪಕ್ಕ ಸೀಟಿರುವ ಜೋಡಿ ಸ್ಟ್ರಾಲರ್ ಕೊಡುತ್ತೇನೆ ಅಂತಿದ್ದಾರೆ, ಅದರ ಅಗಲ 76. ಒಂದರ ಹಿಂದೆ ಒಂದು ಸೀಟಿರುವುದನ್ನು ಹೊಸದಾಗಿ ಕೊಳ್ಳೋಣ ಅನ್ನುವುದು ಗಂಡನ ಮಾತು. ಕಾರಿನ ಬೇಬಿ ಸೀಟನ್ನೇ ಗಾಡಿಗೆ ಸಿಕ್ಕಿಸಿದರೆ ಆಯ್ತು ಅನ್ನುತ್ತಾಳೆ ಒಬ್ಬ ಗೆಳತಿ. ಎರಡು ವರ್ಷದ ಮಗುವನ್ನು ಗಾಡಿಯಲ್ಲಿ ಕೂರಿಸಿದರೆ ಕಾಲು ಸೋಮಾರಿಯಾಗುತ್ತದೆ ಅಂತ ಅತ್ತೆಯವರ ಆಕ್ಷೇಪ. ಯಾರ ಮಾತು ಕೇಳಲಿ? ಇನ್ನೊಂದು, ದೊಡ್ಡವನು ಕೂಸಿನ ಜಾಗದಲ್ಲಿ ತಾನೇ ಕೂರುತ್ತೇನೆ ಅಂತ ಹಟ ಹಿಡಿದರೆ ಏನು ಮಾಡುವುದು?

ಉತ್ತರ: ನೀವು ಕೇಳಿರುವುದು ಗಾಡಿಯ ಬಗ್ಗೆ. ಆದರೆ ಪತ್ರವನ್ನು ಎರಡನೇ ಸಲ ಓದಿದಾಗ ನನಗೆ ಕಂಡದ್ದು ಇನ್ನೊಂದು ಭಯ. ಕೈಯಲ್ಲಿ ಹಸುಗೂಸು, ಹೊಟ್ಟೆಯ ಮೇಲೆ ಇನ್ನೂ ಮಾಯದ ಹೊಲಿಗೆ, ಎದುರಿಗೆ ರಸ್ತೆ. ಸರಿಯಾಗಿ ಆ ಗಳಿಗೆಯಲ್ಲೇ ದೊಡ್ಡವನು ಕೈ ಕೊಸರಿಕೊಂಡು ಓಡಿದರೆ? ಮಕ್ಕಳ ಫಿಸಿಯೋಥೆರಪಿಸ್ಟ್ ಆಗಿ ನನ್ನ ಬಳಿ ಬರುವ ತಾಯಂದಿರಲ್ಲಿ ಎರಡನೆಯ ಬಸಿರಿನ ಕೊನೆಯ ತಿಂಗಳುಗಳಲ್ಲಿ ಈ ಭಯ ಇಲ್ಲದವರು ಕಡಿಮೆ. ಹಾಗಾಗಿ ಅಂಗಡಿಯಲ್ಲಿ ಕೇಳುವ "ಯಾವ ಮಾಡೆಲ್ ಬೇಕು" ಎನ್ನುವ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ನಿಮ್ಮ ದಿನದ ಅತಿ ಕಷ್ಟದ ಐದು ನಿಮಿಷ ಯಾವುದು ಎಂದು ಮೊದಲು ನೋಡೋಣ. ನನ್ನ ಲೆಕ್ಕದಲ್ಲಿ ಅದು ಮನೆ ಬಾಗಿಲಿನಿಂದ ಲಿಫ್ಟ್ ಇಳಿದು ರಸ್ತೆ ತಲುಪುವವರೆಗಿನದು. ಉಳಿದ ಒಂದೂವರೆ ಕಿಲೋಮೀಟರನ್ನು ಯಾವ ಗಾಡಿಯಾದರೂ ದಾಟಿಸುತ್ತದೆ.

ಅತ್ತೆಯವರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಸುಲಭ. ಅರ್ಧ ಗಂಟೆ ಗಾಡಿಯಲ್ಲಿ ಕೂತ ಮಾತ್ರಕ್ಕೆ ಮಗುವಿನ ಕಾಲು ಸೋಮಾರಿಯಾಗುವುದಿಲ್ಲ. ಆದರೆ ಅವರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರತಂದ ಮಾರ್ಗಸೂಚಿ, ಮಗುವನ್ನು ಗಾಡಿಯಲ್ಲಾಗಲಿ, ಎತ್ತರದ ಕುರ್ಚಿಯಲ್ಲಾಗಲಿ, ಬೆನ್ನಿಗೆ ಕಟ್ಟಿಕೊಂಡಾಗಲಿ, ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬೇಡಿ ಎನ್ನುತ್ತದೆ. ಒಂದರಿಂದ ಎರಡು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು ಎಂದೂ ಅದರಲ್ಲಿದೆ. ನಿಮ್ಮ ದಾರಿ ಗಾಡಿ ತಳ್ಳಿಕೊಂಡು ಹೋದರೆ ಇಪ್ಪತ್ತು, ಇಪ್ಪತ್ತೈದು ನಿಮಿಷದ್ದು. ರಸ್ತೆ ದಾಟುವ ಭಾಗದಲ್ಲಿ ಬೆಲ್ಟ್ ಹಾಕಿ ಕೂರಿಸಿ, ವಾಹನವಿಲ್ಲದ ಕಡೆ ಇಳಿಸಿ ನಡೆಸಿ. ಅತ್ತೆಯವರೂ ಒಪ್ಪಿಯಾರು.

ಗೆಳತಿಯ ಸಲಹೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಕಾರಿನ ಬೇಬಿ ಸೀಟನ್ನು ಗಾಡಿಯ ಚೌಕಟ್ಟಿಗೆ ಕ್ಲಿಕ್ ಎಂದು ಸಿಕ್ಕಿಸುವುದು ನೋಡಲು ಎಷ್ಟು ಸಲೀಸು! ನಿದ್ದೆ ಹೋದ ಕೂಸನ್ನು ಎಬ್ಬಿಸದೆ ಕಾರಿನಿಂದ ಅಂಗಡಿಗೆ, ಅಲ್ಲಿಂದ ಮನೆಗೆ ಸಾಗಿಸಬಹುದು. ತೊಂದರೆ ಇರುವುದೂ ಅಲ್ಲೇ. ಹುಟ್ಟಿದ ಮಗುವಿನ ತಲೆ ದೇಹದ ಉದ್ದದ ಕಾಲು ಭಾಗದಷ್ಟಿರುತ್ತದೆ, ಅದನ್ನು ಹಿಡಿದು ನಿಲ್ಲಿಸುವ ಕತ್ತಿನ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಅರ್ಧ ಕೂತ ಭಂಗಿಯಲ್ಲಿ ನಿದ್ದೆ ಹತ್ತಿದಾಗ ತಲೆ ಮುಂದಕ್ಕೆ ವಾಲಿ ಗದ್ದ ಎದೆಗೆ ತಾಗುತ್ತದೆ. ಆ ವಯಸ್ಸಿನ ಶ್ವಾಸನಾಳ ಮೃದು ಮತ್ತು ಕಿರಿದು. ಕೊಳವೆ ಬಾಗಿದ ಹಾಗೆ ಬಾಗಿ ಉಸಿರಿನ ದಾರಿ ಇನ್ನಷ್ಟು ಕಿರಿದಾಗುತ್ತದೆ. ಕೂಸು ಅಳುವುದಿಲ್ಲ, ಒದ್ದಾಡುವುದೂ ಇಲ್ಲ. ಅದಕ್ಕೇ ಅದು ಯಾರ ಗಮನಕ್ಕೂ ಬರುವುದಿಲ್ಲ.

2019ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, 2004ರಿಂದ 2014ರವರೆಗೆ ನಿದ್ದೆಯಲ್ಲಿ ಸಂಭವಿಸಿದ ಶಿಶು ಮರಣಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಕೂರಿಸುವ ಸಾಧನಗಳಲ್ಲಿ ಆದವು 348. ಅದರಲ್ಲಿ 219 ಕಾರಿನ ಬೇಬಿ ಸೀಟಿನಲ್ಲಿ ಆದವು, ಮತ್ತು ಆ ಸೀಟನ್ನು ಹೇಳಿದ ಕ್ರಮದಲ್ಲಿ ಬಳಸುತ್ತಿದ್ದ ಪ್ರಕರಣಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಕಾರಿನಲ್ಲಿ ಆ ಸೀಟು ಜೀವ ಉಳಿಸುತ್ತದೆ, ಅಲ್ಲಿ ಅದಕ್ಕೆ ಬದಲಿಯೇ ಇಲ್ಲ. ಸರಿಯಾದ ಕೋನದಲ್ಲಿ ಕೂತ ಸೀಟನ್ನು ಕಾರಿನಿಂದ ಕಿತ್ತು ನೆಲದ ಮೇಲೆ, ಸೋಫಾದ ಮೇಲೆ, ಹಾಸಿಗೆಯ ಮೇಲೆ ಇಟ್ಟಾಗ, ಬೆಲ್ಟ್ ಸಡಿಲಿಸಿದಾಗ, ಮಲಗಿದೆಯಲ್ಲ ಬಿಡು ಎಂದು ಗಂಟೆಗಟ್ಟಲೆ ಬಿಟ್ಟಾಗ ಅದು ಅಪಾಯಕ್ಕೆ ತಿರುಗುತ್ತದೆ. ಕಾರಿಳಿದು ಆಸ್ಪತ್ರೆಯೊಳಗೆ ಹೋಗುವ ಹತ್ತು ನಿಮಿಷಕ್ಕೆ ಗೆಳತಿಯ ಉಪಾಯ ಸರಿ. ದಿನಕ್ಕೆರಡು ಬಾರಿ ಡೇಕೇರ್‌ಗೆ ಹೋಗಿ ಬರುವ ಕೂಸಿಗೆ ಅದು ಹಾಸಿಗೆಯಾಗಬಾರದು.

ಹಾಗಾದರೆ ಗಾಡಿಯಲ್ಲಿ ಕೂಸು ಹೇಗಿರಬೇಕು? ಅಂಗಾತ, ಚಪ್ಪಟೆಯಾಗಿ. ಈ ಒಂದು ವಿಷಯದಲ್ಲಿ ನಾನು ರಾಜಿಗೆ ಬರುವುದಿಲ್ಲ. ಉಳಿದದ್ದೆಲ್ಲ ನಿಮ್ಮ ಅನುಕೂಲ. ಚಪ್ಪಟೆ ಎಂದರೆ ಎಷ್ಟು ಎನ್ನುವುದಕ್ಕೆ ಅಳತೆಯಿದೆ. ತಳ್ಳುಗಾಡಿಗಳಿಗೆ ಯುರೋಪಿನಲ್ಲಿರುವ ಇಎನ್ 1888 ಮಾನದಂಡದ ಪ್ರಕಾರ, ಹುಟ್ಟಿದಾಗಿನಿಂದ ಬಳಸಬಹುದು ಎನ್ನಬೇಕಾದರೆ ಬೆನ್ನು ಮತ್ತು ಕೂರುವ ಭಾಗದ ನಡುವಿನ ಕೋನ ಕನಿಷ್ಠ 150 ಡಿಗ್ರಿ ತೆರೆದುಕೊಳ್ಳಬೇಕು. 180 ಎಂದರೆ ಪೂರ್ತಿ ನೆಲ. ತೊಟ್ಟಿಲಿನಂಥ ಕ್ಯಾರಿಕಾಟ್ ಸಿಕ್ಕಿಸುವ ಗಾಡಿಯಾದರೆ ಇನ್ನೂ ಒಳ್ಳೆಯದು. ಜಾಹೀರಾತಿನಲ್ಲಿ "ಒರಗುವ ಸೀಟು" ಎಂದು ಬರೆದ ಮಾತ್ರಕ್ಕೆ ನಂಬಬೇಡಿ. ಅನೇಕ ಜೋಡಿ ಗಾಡಿಗಳಲ್ಲಿ ಒಂದು ಸೀಟು ಮಾತ್ರ ಪೂರ್ತಿ ಮಲಗುತ್ತದೆ, ಇನ್ನೊಂದು ಅರ್ಧಕ್ಕೆ ನಿಂತುಬಿಡುತ್ತದೆ. ಕೈಪಿಡಿಯಲ್ಲಿ ಹುಡುಕಬೇಕಾದ ವಾಕ್ಯ: "ಹುಟ್ಟಿದಾಗಿನಿಂದ" ಇದೆಯೇ, "ಆರು ತಿಂಗಳ ನಂತರ" ಎಂದಿದೆಯೇ, ಮತ್ತು ಅದು ಯಾವ ಸೀಟಿನ ಬಗ್ಗೆ ಹೇಳಿದ್ದು.

ಈಗ ಆ ಎರಡು ಸೆಂಟಿಮೀಟರಿಗೆ ಬರೋಣ. 76ರ ಗಾಡಿ 74ರ ಬಾಗಿಲಲ್ಲಿ ತೂರುವುದಿಲ್ಲ, ಅದಕ್ಕೆ ಯಾವ ಜಾಣತನವೂ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಗಾಡಿಯನ್ನು ಓರೆ ಮಾಡಿ ನುಗ್ಗಿಸಲು ಹೋದವರನ್ನು ನೋಡಿದ್ದೇನೆ. ಸಿಕ್ಕಿಕೊಳ್ಳುವುದು ಮಗುವಿನ ಬೆರಳು. 73ರದು ಸಿಕ್ಕರೂ ನಾನು ಬೇಡ ಅನ್ನುತ್ತೇನೆ. ಎರಡೂ ಕಡೆ ಎರಡೆರಡು ಸೆಂಟಿಮೀಟರ್ ಮಿಗಬೇಕು, ಅಂದರೆ ನಿಮಗೆ 70ರ ಒಳಗಿನದು ಬೇಕು. ಅಕ್ಕಪಕ್ಕದ ಗಾಡಿಗಳಲ್ಲಿ ಹೆಚ್ಚಿನವು 72ರಿಂದ 78 ಸೆಂ.ಮೀ. ಇರುತ್ತವೆ. ಅದಕ್ಕಿಂತ ಕಿರಿದಾದವೂ ಇವೆ. ಆದರೆ ಆ ಅಗಲವನ್ನು ಎರಡು ಸೀಟು ಹಂಚಿಕೊಳ್ಳಬೇಕಲ್ಲ, ದಪ್ಪ ಬಟ್ಟೆ ತೊಟ್ಟ ಎರಡು ವರ್ಷದ ಹುಡುಗ ಅದರಲ್ಲಿ ಕಿಕ್ಕಿರಿದು ಕೂರುತ್ತಾನೆ. ಅಂದಹಾಗೆ, ನೀವು ಅಳೆದದ್ದು ಬಾಗಿಲಿನ ಚೌಕಟ್ಟನ್ನೋ, ಬಾಗಿಲು ಪೂರ್ತಿ ತೆರೆದಾಗ ನಿಜವಾಗಿ ಉಳಿಯುವ ಕಂಡಿಯನ್ನೋ? ಎರಡೂ ಒಂದೇ ಅಲ್ಲ. ಮನೆಯ ಬಾಗಿಲು, ಡೇಕೇರ್‌ನ ಗೇಟು, ಎರಡನ್ನೂ ಅಳೆಯಿರಿ. ಗಾಡಿಯ ಅತಿ ಅಗಲದ ಜಾಗ ಸಾಮಾನ್ಯವಾಗಿ ಸೀಟಿನ ಬಳಿ ಇರುವುದಿಲ್ಲ, ಹಿಂದಿನ ಚಕ್ರಗಳ ಅಂಚಿನಲ್ಲಿರುತ್ತದೆ. ಟೇಪನ್ನು ಅಲ್ಲಿ ಹಿಡಿಯಬೇಕು.

ಹಾಗಾದರೆ ನಿಮ್ಮ ಯಜಮಾನರು ಗೆದ್ದರು ಅಂದುಕೊಳ್ಳಬೇಡಿ. ಒಂದರ ಹಿಂದೆ ಒಂದು ಸೀಟಿನ ಗಾಡಿ, ಅಂದರೆ ಟ್ಯಾಂಡಮ್, ಒಂದೇ ಸೀಟಿನದರಷ್ಟೇ ಅಗಲವಿದ್ದು 60ರ ಆಸುಪಾಸಿನಲ್ಲಿ ಬಾಗಿಲು ದಾಟುತ್ತದೆ ನಿಜ. ಆದರೆ ಅದರ ಉದ್ದ? ಹಲವು ಟ್ಯಾಂಡಮ್‌ಗಳು 110 ಸೆಂ.ಮೀ. ದಾಟುತ್ತವೆ. ಆರು ಜನರ ಚಿಕ್ಕ ಲಿಫ್ಟಿನ ಒಳಗೆ ಸುಮಾರು ಒಂದು ಮೀಟರ್ ಅಗಲ, ಒಂದೂಕಾಲು ಮೀಟರ್ ಆಳ ಇರುವುದು ವಾಡಿಕೆ. ಗಾಡಿ ಒಳಗೆ ಹೋಯಿತು ಅನ್ನಿ, ಹ್ಯಾಂಡಲ್ ಹಿಡಿದ ನೀವು ಎಲ್ಲಿ ನಿಲ್ಲುತ್ತೀರಿ? ಪಕ್ಕಕ್ಕೆ ಒತ್ತಿಕೊಂಡು, ಹೊಟ್ಟೆ ಒಳಗೆಳೆದುಕೊಂಡು. ಹೊಲಿಗೆ ಹಾಕಿದ ಹೊಟ್ಟೆ ಅದು. ಬಾಗಿಲಿನ ಅಗಲ ಅಳೆದು ಟ್ಯಾಂಡಮ್ ತಂದು, ಆಮೇಲೆ ಲಿಫ್ಟಿನ ಆಳ ನೋಡಿ ತಲೆ ಚಚ್ಚಿಕೊಂಡವರು ನಿಮ್ಮ ಹಿಂದೆಯೂ ಇದ್ದಾರೆ. ಕೊಳ್ಳುವ ಮೊದಲು ಗಾಡಿಯ ಉದ್ದ ಅಗಲದಷ್ಟು ರಟ್ಟನ್ನು ಕತ್ತರಿಸಿ ಲಿಫ್ಟಿನ ನೆಲದ ಮೇಲೆ ಹಾಸಿ, ಉಳಿದ ಜಾಗದಲ್ಲಿ ನಿಂತು ನೋಡಿ. ನೆರೆಯವರು ನಕ್ಕರೆ ನಗಲಿ.

ಟ್ಯಾಂಡಮ್‌ನ ಇನ್ನೊಂದು ಗುಟ್ಟು ಅಂಗಡಿಯ ನುಣುಪು ನೆಲದ ಮೇಲೆ ಗೊತ್ತಾಗುವುದಿಲ್ಲ. ಫುಟ್‌ಪಾತಿನ ಅಂಚು ಹತ್ತಿಸುವಾಗ ಗೊತ್ತಾಗುತ್ತದೆ. ಮುಂದಿನ ಚಕ್ರ ಎತ್ತಲು ನೀವು ಹ್ಯಾಂಡಲನ್ನು ಕೆಳಕ್ಕೆ ಒತ್ತುತ್ತೀರಿ, ಗಾಡಿ ಹಿಂದಿನ ಚಕ್ರದ ಅಚ್ಚಿನ ಮೇಲೆ ಏತದಂತೆ ಏಳುತ್ತದೆ. ಹನ್ನೆರಡು ಕಿಲೋ ಹುಡುಗ ಆ ಅಚ್ಚಿನಿಂದ 60 ಸೆಂ.ಮೀ. ಮುಂದೆ ಕೂತಿದ್ದಾನೆ, ನಿಮ್ಮ ಕೈ 40 ಸೆಂ.ಮೀ. ಹಿಂದಿದೆ ಎಂದಿಟ್ಟುಕೊಳ್ಳಿ. ಅವನೊಬ್ಬನನ್ನು ಎತ್ತಲೇ 18 ಕಿಲೋ ಬಲ ಬೇಕು. ಅದೇ ಅಕ್ಕಪಕ್ಕದ ಗಾಡಿಯಲ್ಲಿ ಇಬ್ಬರೂ ಅಚ್ಚಿನಿಂದ 25 ಸೆಂ.ಮೀ. ದೂರದಲ್ಲಿದ್ದರೆ, ಹನ್ನೆರಡು ಕಿಲೋ ಅಣ್ಣ, ಐದು ಕಿಲೋ ಕೂಸು ಸೇರಿದರೂ ಹನ್ನೊಂದು ಕಿಲೋ ಸಾಕು. ಅಂಚು ಹತ್ತಿಸುವುದು, ತಿರುಗಿಸುವುದು, ಉಬ್ಬುತಗ್ಗು ದಾಟಿಸುವುದು, ಎಲ್ಲದರಲ್ಲೂ ಅಕ್ಕಪಕ್ಕದ್ದೇ ಹಗುರ. ಅದರ ಕೊರತೆಯೂ ಇದೆ: ಒಂದು ಕಡೆ ಭಾರ, ಒಂದು ಕಡೆ ಹಗುರವಾದಾಗ ಗಾಡಿ ಭಾರದ ಕಡೆಗೆ ಎಳೆಯುತ್ತಲೇ ಇರುತ್ತದೆ. ಮೊದಲ ಆರು ತಿಂಗಳು ನಿಮ್ಮ ಒಂದು ಮಣಿಕಟ್ಟು ಅದನ್ನು ನೆಟ್ಟಗಿಡುವುದರಲ್ಲೇ ಸವೆಯುತ್ತದೆ. ಇನ್ನೊಂದು, ಅಣ್ಣನ ಕೈಗೆ ಕೂಸಿನ ಕಣ್ಣು ಎಟುಕುವಷ್ಟು ಹತ್ತಿರ. ಅವನದು ಪ್ರೀತಿಯೇ ಇರಬಹುದು, ಆದರೂ ನಡುವೆ ಬಟ್ಟೆಯ ಗೋಡೆಯಿರುವ ಗಾಡಿಯೇ ಒಳ್ಳೆಯದು.

ಮೂರನೆಯ ಜಾತಿಯೊಂದಿದೆ, ಒಂಟಿ ಸೀಟಿನ ಗಾಡಿಯೇ ಎರಡು ಸೀಟಿನದಾಗಿ ಬದಲಾಗುವಂಥದು. ಚೌಕಟ್ಟು ಒಂಟಿ ಗಾಡಿಯದೇ. ಮೇಲೊಂದು ಸೀಟು, ಕೆಳಗೆ ಇನ್ನೊಂದು. ಮೇಲಿನ ಜಾಗಕ್ಕೆ ಕ್ಯಾರಿಕಾಟ್ ಕೂರುತ್ತದೆ, ಕೂಸಿನ ಮುಖ ನಿಮ್ಮ ಕಡೆಗಿರುತ್ತದೆ. ಉದ್ದ ಅಷ್ಟೇನೂ ಹೆಚ್ಚುವುದಿಲ್ಲ. ದೊಡ್ಡವನು ದಾರಿಯುದ್ದಕ್ಕೂ ನಡೆಯಲು ಕಲಿತ ಮೇಲೆ ಕೆಳಗಿನ ಸೀಟು ಬಿಚ್ಚಿಟ್ಟರೆ ಮತ್ತೆ ಒಂಟಿ ಗಾಡಿ. ಕೇಳಲು ಚೆನ್ನಾಗಿದೆ. ಆದರೆ ಕೆಳಗಿನ ಸೀಟಿನಲ್ಲಿ ಕೂತವನಿಗೆ ಕಾಲು ಚಾಚಲು ಜಾಗ ಕಡಿಮೆ, ಕಣ್ಣ ಮುಂದೆ ಮೇಲಿನ ಸೀಟಿನ ತಳ. ಎರಡು ವರ್ಷದ ಮಗು 85 ಸೆಂ.ಮೀ. ಆಸುಪಾಸು, ಮೂರಕ್ಕೆ 95ರ ಆಸುಪಾಸು ಎತ್ತರವಿರುತ್ತದೆ. ಇಂದು ಹಿಡಿಸುವವನು ಆರು ತಿಂಗಳಲ್ಲಿ ಮಂಡಿ ಮಡಚಿ ಕೂರಬೇಕಾದೀತು. ಇಂಥ ಗಾಡಿಗಳ ಎರಡನೆಯ ಸೀಟಿನ ತೂಕದ ಮಿತಿ ಮೊದಲನೆಯದಕ್ಕಿಂತ ಕಡಿಮೆಯಿರುವುದೂ ಉಂಟು. ಯುರೋಪಿನ ಮಾನದಂಡದ ಮೊದಲ ಭಾಗ 15 ಕಿಲೋವರೆಗಿನ ಮಗುವಿಗೆ, 2018ರಲ್ಲಿ ಬಂದ ಎರಡನೆಯ ಭಾಗ 15ರಿಂದ 22 ಕಿಲೋವರೆಗಿನ ಮಗುವಿಗೆ. ನಿಮ್ಮ ಮಗ ಮೂರಕ್ಕೆ 14 ಕಿಲೋ ಆಗುತ್ತಾನೆ ಎಂದುಕೊಂಡರೂ, 15ರ ಮಿತಿಯ ಸೀಟು ಹೆಚ್ಚು ಕಾಲ ಬಾರದು. ಅಂಗಡಿಗೆ ಹೋಗುವಾಗ ಅವನನ್ನು ಕರೆದುಕೊಂಡೇ ಹೋಗಿ. ಕೆಳಗಿನ ಸೀಟಿನಲ್ಲಿ ಕೂರಿಸಿ ಐದು ನಿಮಿಷ ಬಿಡಿ. ಅವನ ಮುಖ ನೋಡಿದರೆ ತಿಳಿಯುತ್ತದೆ.

ಭಾರದ ಮಾತು ಬಂತಲ್ಲ, ಅದನ್ನು ಮುಂದಕ್ಕೆ ಲೆಕ್ಕ ಹಾಕಿ. ಹೆರಿಗೆಯಾದ ಹೊತ್ತಿಗೆ ಕೂಸು ಮೂರು ಕಿಲೋ ಚಿಲ್ಲರೆ, ಅಣ್ಣ ಹನ್ನೆರಡು. ಒಂದು ವರ್ಷದ ನಂತರ ಕೂಸು ಒಂಬತ್ತು, ಅಣ್ಣ ಹದಿನಾಲ್ಕು. ಜೊತೆಗೆ ಹದಿನಾಲ್ಕು ಕಿಲೋ ಗಾಡಿ, ಮೂರು ಕಿಲೋ ಚೀಲ. ನೀವು ತಳ್ಳುವುದು ನಲವತ್ತು ಕಿಲೋ. ಹನ್ನೆರಡು ಅಡಿಗೆ ಒಂದು ಅಡಿ ಇಳಿಯುವ ರ‍್ಯಾಂಪಿನಲ್ಲಿ ಅದು ಮೂರು ಕಿಲೋಗೂ ಮೀರಿದ ಬಲದಿಂದ ನಿಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಹ್ಯಾಂಡಲ್ ಎರಡು ತುಂಡಾಗಿರದೆ ಉದ್ದಕ್ಕೂ ಒಂದೇ ಸಲಾಕೆಯಾಗಿರಲಿ. ಎರಡು ಪ್ರತ್ಯೇಕ ಹಿಡಿಗಳ ಗಾಡಿಯನ್ನು ಒಂದು ಕೈಯಲ್ಲಿ ನೆಟ್ಟಗೆ ತಳ್ಳಲಾಗದು, ಮತ್ತು ನಿಮ್ಮ ಇನ್ನೊಂದು ಕೈ ಓಡುವ ಹುಡುಗನಿಗೆ ಮೀಸಲು. ಕೊಡೆಯ ಹಾಗೆ ಮಡಚುವ ಹಗುರ ಗಾಡಿಗಳು ಹೆಚ್ಚಾಗಿ ಎರಡು ಹಿಡಿಯವು. ಆ ಮಡಚುವ ಉಪಾಯ 1965ರಲ್ಲಿ ವಿಮಾನ ಎಂಜಿನಿಯರ್ ಓವೆನ್ ಮ್ಯಾಕ್ಲಾರೆನ್ ಅವರಿಗೆ ಹೊಳೆದದ್ದು. ಯುದ್ಧ ವಿಮಾನದ ಚಕ್ರಗಳು ರೆಕ್ಕೆಯೊಳಗೆ ಮಡಚಿಕೊಳ್ಳುವ ತಂತ್ರ ಬಲ್ಲವರಾಗಿದ್ದರು ಅವರು. ಒಂದು ಮಗುವಿನ ಪ್ರಯಾಣಕ್ಕೆ ಅದು ಈಗಲೂ ಅಪ್ಪಟ ಚಿನ್ನ. ದಿನನಿತ್ಯ ಇಬ್ಬರನ್ನು ಹೊರುವ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಸಿಸೇರಿಯನ್ ಆದ ಮೇಲೆ ಮೊದಲ ಆರು ವಾರ ಕೂಸಿಗಿಂತ ಭಾರವಾದ ಏನನ್ನೂ ಎತ್ತಬೇಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದರ ಅರ್ಥವನ್ನು ಬಿಡಿಸಿ ನೋಡಿ: ಹದಿನಾಲ್ಕು ಕಿಲೋ ಗಾಡಿಯನ್ನು ಕಾರಿನ ಡಿಕ್ಕಿಗೆ ಎತ್ತುವಂತಿಲ್ಲ, ಅಷ್ಟೇ ಅಲ್ಲ, ಹನ್ನೆರಡು ಕಿಲೋ ಮಗನನ್ನು ಸೀಟಿಗೆ ಎತ್ತಿ ಕೂರಿಸುವಂತೆಯೂ ಇಲ್ಲ. ಹಾಗಾಗಿ ಅವನು ತಾನೇ ಹತ್ತಿ ಕೂರುವಷ್ಟು ತಗ್ಗಾದ ಸೀಟು ನಿಮಗೆ ಬೇಕು. ಇದನ್ನು ಈಗಿನಿಂದಲೇ, ಈಗಿರುವ ಗಾಡಿಯಲ್ಲೇ ಕಲಿಸಿ. ಮಕ್ಕಳು ಕಾಲಿಡುವ ಹಲಗೆಯ ಮೇಲೆ ನಿಂತು ಹತ್ತುತ್ತಾರೆ, ಆಗ ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಬೆನ್ನು ತಿರುಗಿಸಿ ಮೊದಲು ಕುಂಡೆ ಇಡುವುದನ್ನು ಆಟದಂತೆ ಹೇಳಿಕೊಡಿ. ಬ್ರೇಕ್ ಹಾಕಿದ ಮೇಲೆಯೇ ಹತ್ತುವುದು, ನೀವು ಹ್ಯಾಂಡಲ್ ಹಿಡಿದಾಗಲೇ ಇಳಿಯುವುದು. ಆ ಆರು ವಾರ ಡೇಕೇರ್ ಕೆಲಸ ಬೇರೆ ಯಾರಿಗಾದರೂ ವಹಿಸಲು ಸಾಧ್ಯವಾದರೆ ಇವತ್ತೇ ಮಾತಾಡಿ ನಿಕ್ಕಿ ಮಾಡಿಕೊಳ್ಳಿ. ಯಾವ ಗಾಡಿ ತಂದರೂ ಅದು ಈ ಸಹಾಯಕ್ಕೆ ಸಮವಲ್ಲ.

ಹ್ಯಾಂಡಲಿಗೆ ಚೀಲ ನೇತುಹಾಕುವ ಬಗ್ಗೆ ನನಗೆ ಉಪದೇಶ ಮಾಡುವ ಅರ್ಹತೆಯಿಲ್ಲ. ನನ್ನ ಎರಡನೆಯ ಮಗು ಐದು ತಿಂಗಳಿದ್ದಾಗ, ಮುಂದಿನ ಸೀಟಿನಿಂದ ದೊಡ್ಡವಳನ್ನು ಇಳಿಸಿದೆ ಅಷ್ಟೇ, ಹಿಂದೆ ನೇತಾಡುತ್ತಿದ್ದ ತುಂಬಿದ ಚೀಲ ಗಾಡಿಯನ್ನು ನಿಧಾನವಾಗಿ ಹಿಂದಕ್ಕೆ ಮಗುಚಿತು. ಕೂಸು ಬೆಲ್ಟಿನಲ್ಲಿತ್ತು, ಆಕಾಶ ನೋಡುತ್ತಾ ನಕ್ಕಿತು. ಅದಕ್ಕೇನೂ ಆಗಲಿಲ್ಲ, ನನಗೆ ಮಾತ್ರ ಒಂದು ವಾರ ನಿದ್ದೆ ಬರಲಿಲ್ಲ. ಇಂಥದ್ದನ್ನೇ ದಿನವೂ ಬೇರೆಯವರಿಗೆ ಹೇಳುವ ಉದ್ಯೋಗ ನನ್ನದು! ಚೀಲ ಕೆಳಗಿನ ಬುಟ್ಟಿಯಲ್ಲಿರಲಿ. ನೇತುಹಾಕಲೇಬೇಕಾದರೆ ಮೊದಲು ಚೀಲ ಇಳಿಸಿ, ಆಮೇಲೆ ಮಗು ಇಳಿಸಿ.

ಜೋಡಿ ಗಾಡಿ ಬೇಕೇ ಬೇಕೇ ಎಂದೂ ಕೇಳಿಕೊಳ್ಳಬೇಕು. ಇಬ್ಬರು ಮಕ್ಕಳಾದರೆ ಎರಡು ಸೀಟು ಎನ್ನುವುದು ಮಾರುವವರ ಲೆಕ್ಕ. ಮೊದಲ ಮೂರು ನಾಲ್ಕು ತಿಂಗಳು ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರಿನಲ್ಲಿ ಹಾಕಿ, ದೊಡ್ಡವನನ್ನು ಈಗಿರುವ ಗಾಡಿಯಲ್ಲೇ ತಳ್ಳುವುದು ನಾನು ಕಂಡಂತೆ ಅನೇಕ ಮನೆಗಳಲ್ಲಿ ನಡೆದುಹೋಗುತ್ತದೆ. ಲಿಫ್ಟಿನ ರಗಳೆಯೂ ಇಲ್ಲ. ಅಲ್ಲಿಯೂ ಅದೇ ಗದ್ದದ ಎಚ್ಚರ ಬೇಕು: ಕೂಸಿನ ಮುಖ ಸದಾ ನಿಮಗೆ ಕಾಣಬೇಕು, ತಲೆ ಬಗ್ಗಿಸಿದರೆ ಮುತ್ತಿಡುವಷ್ಟು ಮೇಲಿರಬೇಕು, ಗದ್ದ ಮತ್ತು ಎದೆಯ ನಡುವೆ ಒಂದು ಬೆರಳಿನಷ್ಟು ಸಂದು ಇರಬೇಕು. ಅವಧಿಗೆ ಮುಂಚೆ ಹುಟ್ಟಿದ ಅಥವಾ ತೀರಾ ಸಣ್ಣ ಕೂಸಾದರೆ ವೈದ್ಯರನ್ನು ಕೇಳಿಯೇ ಕಟ್ಟಿಕೊಳ್ಳಿ. ದೊಡ್ಡವನ ಬೆಲ್ಟ್ ಹಾಕುವಾಗ ಸೊಂಟ ಬಗ್ಗಿಸದೆ ಮಂಡಿಯೂರಿ, ಒಂದು ಕೈ ಕೂಸಿನ ತಲೆಯ ಹಿಂದಿರಲಿ. ಹೊಲಿಗೆಯ ಮೇಲೆ ಪಟ್ಟಿ ಒತ್ತಿದರೆ ಒಂದು ದಿನವೂ ಸಹಿಸಬೇಡಿ. ಕಟ್ಟುವ ಎತ್ತರ ಬದಲಿಸಿ, ಇಲ್ಲವೇ ಕೆಲವು ವಾರ ಬಿಟ್ಟು ಪ್ರಾರಂಭಿಸಿ.

ಗಾಡಿಯ ಹಿಂದೆ ಸಿಕ್ಕಿಸುವ ನಿಲ್ಲುಹಲಗೆ, ಅಂದರೆ ಬಗ್ಗಿ ಬೋರ್ಡ್, ಇನ್ನೊಂದು ದಾರಿ. ನಿಂತಲ್ಲಿ ನಿಲ್ಲುವ ಮೂರು ವರ್ಷದ ಮಗುವಿಗೆ ಅದು ಹಬ್ಬ. ನೀವು ವರ್ಣಿಸಿದ ಹುಡುಗನಿಗೆ ಈಗಲೇ ಬೇಡ. ಅವನು ಯಾವ ಗಳಿಗೆಯಲ್ಲಾದರೂ ಜಿಗಿದಾನು, ನಿದ್ದೆ ಬಂದರೆ ಒರಗಲು ಏನೂ ಇಲ್ಲ, ನಿಮ್ಮ ಮೊಣಕಾಲಿಗೆ ಹೆಜ್ಜೆಹೆಜ್ಜೆಗೂ ಪೆಟ್ಟು.

ನಾದಿನಿಯ ಗಾಡಿಯನ್ನು ಬೇಡ ಅನ್ನುವ ಮೊದಲು ಒಂದು ಮಾತು. ಲಿಫ್ಟಿನ ತಕರಾರು ಇರುವುದು ಗಾಡಿ ಮನೆಯವರೆಗೆ ಬರಬೇಕಾದರೆ ಮಾತ್ರ. ಕೆಳಗೆ ಬೀಗ ಹಾಕಿ ಇಡುವ ಜಾಗವಿದ್ದರೆ, ಮತ್ತು ಆ ಜಾಗ ಬೆಂಕಿಯ ವೇಳೆ ಜನ ಹೊರಗೋಡುವ ದಾರಿಯಲ್ಲಿಲ್ಲದಿದ್ದರೆ, 76 ಸೆಂಟಿಮೀಟರ್ ಅಡ್ಡಿಯೇ ಅಲ್ಲ. ಆಗ ಕೂಸನ್ನು ಕ್ಯಾರಿಯರಿನಲ್ಲಿ ಕೆಳಗಿಳಿಸಿ ಗಾಡಿಗೆ ಬದಲಿಸಬೇಕು, ಇಬ್ಬರೂ ಮಲಗಿಬಿಟ್ಟ ಸಂಜೆ ಏನು ಮಾಡುವುದೆಂದು ಮೊದಲೇ ಯೋಚಿಸಿರಬೇಕು. ಅವಳಿಗಳಿಗೆ ಕೊಂಡದ್ದಾದ್ದರಿಂದ ಎರಡೂ ಸೀಟು ಪೂರ್ತಿ ಮಲಗುವ ಸಂಭವ ಹೆಚ್ಚು, ಕೋನ ನೋಡಿ ಖಚಿತಪಡಿಸಿಕೊಳ್ಳಿ. ಹಳೆಯ ಗಾಡಿಯಲ್ಲಿ ನಾನು ಬಟ್ಟೆಯ ಕಲೆ ನೋಡುವುದಿಲ್ಲ, ಅದು ತೊಳೆದರೆ ಹೋಗುತ್ತದೆ. ಮಡಚುವ ಕೀಲು ನೋಡುತ್ತೇನೆ. 2009ರಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಸ್ಟ್ರಾಲರ್‌ಗಳ ಕೀಲಿಗೆ ಮುಚ್ಚಳ ಹಾಕಿಸಿಕೊಳ್ಳಿ ಎಂದು ಹಿಂದಕ್ಕೆ ಕರೆಯಬೇಕಾಯಿತು, ಏಕೆಂದರೆ ಬಿಡಿಸುವಾಗ ಕೀಲಿನ ನಡುವೆ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳಿದ್ದವು. ನಿಮ್ಮ ಕೈಗೆ ಬರುವ ಮಾಡೆಲಿನ ಹೆಸರು ಮತ್ತು ಸಂಖ್ಯೆ ಹಾಕಿ ಇಂಥ ವಾಪಸಾತಿ ಏನಾದರೂ ಇದೆಯೇ ಹುಡುಕಿ. ಬಿಡಿಸಿದ ಮೇಲೆ ಕೀಲಿನ ಬೀಗ ಸದ್ದು ಮಾಡಿ ಕೂರುತ್ತದೆಯೇ? ಇಳಿಜಾರಿನಲ್ಲಿ ಭಾರ ಹೇರಿ ಬ್ರೇಕ್ ಒತ್ತಿದರೆ ಎರಡೂ ಹಿಂದಿನ ಚಕ್ರ ನಿಲ್ಲುತ್ತವೆಯೇ? ಭುಜ, ಸೊಂಟ ಮತ್ತು ಕಾಲ ಸಂದು ಸೇರಿ ಐದು ಕಡೆ ಹಿಡಿಯುವ ಬೆಲ್ಟಿನ ಹೊಲಿಗೆ ಬಿಟ್ಟಿಲ್ಲವಷ್ಟೇ? ಇವುಗಳಲ್ಲಿ ಒಂದು ತಪ್ಪಿದರೂ ನಾದಿನಿಗೆ ಥ್ಯಾಂಕ್ಸ್ ಹೇಳಿ ಗಾಡಿ ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಹೆರಿಗೆಗೆ ಮುಂಚೆ ಜೋಡಿ ಗಾಡಿ ಕೊಳ್ಳುತ್ತಿರಲಿಲ್ಲ. ಒಂದು ಒಳ್ಳೆಯ ಕ್ಯಾರಿಯರ್ ತಂದು, ಈಗಿರುವ ಒಂಟಿ ಗಾಡಿಯೊಂದಿಗೆ ಮೊದಲ ಮೂರು ತಿಂಗಳು ನೂಕುತ್ತಿದ್ದೆ. ಕೆಳಗೆ ಜಾಗವಿದ್ದು ನಾದಿನಿಯ ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಅದನ್ನೂ ಕೆಳಗೆ ಇಟ್ಟುಕೊಳ್ಳುತ್ತಿದ್ದೆ, ಕ್ಯಾರಿಯರ್ ಒಗ್ಗದ ದಿನಕ್ಕಿರಲಿ ಎಂದು. ಜಾಗವಿಲ್ಲದಿದ್ದರೆ, ಕೂಸಿಗೆ ಮೂರು ತಿಂಗಳಾದ ಮೇಲೆ ರಟ್ಟಿನ ಅಳತೆ ಹಿಡಿದುಕೊಂಡು, ಒಂಟಿಯಿಂದ ಜೋಡಿಯಾಗುವ ಗಾಡಿ ನೋಡಲು ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ನಿಮ್ಮ ಮಗ ಎರಡು ಕಾಲು ದಾಟಿರುತ್ತಾನೆ. ಅವನಿಗೆ ಸೀಟು ನಿಜವಾಗಿ ಬೇಕಾಗುವುದು ಇನ್ನು ಎಂಟು ಹತ್ತು ತಿಂಗಳು, ಅಷ್ಟಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದು ಆಗ ತಾನಾಗಿ ಸ್ಪಷ್ಟವಾಗುತ್ತದೆ. ಅಂಗಡಿಗೆ ಹೋಗುವಾಗ ನೀರು ತುಂಬಿದ ಕ್ಯಾನುಗಳನ್ನು ಒಯ್ಯಿರಿ. ಒಂದು ಲೀಟರ್ ಎಂದರೆ ಒಂದು ಕಿಲೋ. ಒಂದು ಸೀಟಿನಲ್ಲಿ ಹದಿಮೂರು, ಇನ್ನೊಂದರಲ್ಲಿ ಆರು ಲೀಟರ್ ಇಟ್ಟು ಬೆಲ್ಟ್ ಬಿಗಿದು, ಅಂಗಡಿಯ ಹೊರಗಿನ ಮೆಟ್ಟಿಲಂಚಿಗೆ ಹತ್ತಿಸಿ ನೋಡುತ್ತೇನೆ ಅನ್ನಿ. ಖಾಲಿ ಗಾಡಿ ಎಲ್ಲವೂ ಬೆಣ್ಣೆಯಂತೆಯೇ ಓಡುತ್ತದೆ.

ಬಿಸಿಲಿಗೆಂದು ಕೂಸಿನ ಗಾಡಿಯ ಮೇಲೆ ಹೊದಿಕೆ ಹರಡುವ ಅಭ್ಯಾಸ ಮಾತ್ರ ಬೇಡ. ತೆಳು ಬಟ್ಟೆಯಾದರೂ ಒಳಗೆ ಗಾಳಿ ನಿಂತು ಸೆಕೆ ಏರುತ್ತದೆ, ಕೂಸಿನ ಮುಖವೂ ಮರೆಯಾಗುತ್ತದೆ. ಗಾಡಿಯ ಮೇಲ್ಛಾವಣಿ ಸಾಕು, ಸಾಲದಿದ್ದರೆ ನೆರಳಿನ ಹೊತ್ತಿಗೆ ಹೊರಡಿ.

ಕೊನೆಗೆ ನಿಮ್ಮ ಹುಡುಗನ ಹಟ. ಹಿಡಿದೇ ಹಿಡಿಯುತ್ತಾನೆ, ಅನುಮಾನ ಬೇಡ. ಈಗಿರುವ ಗಾಡಿ ಅವನಿಗೆ ಗೊತ್ತಿರುವ, ಅವನದೇ ಜಾಗ. ಅದರಿಂದ ಅವನನ್ನು ಎಬ್ಬಿಸಿ ಅಲ್ಲಿ ಕೂಸನ್ನು ಮಲಗಿಸಿದರೆ ಜಗಳವನ್ನು ನಾವೇ ಕರೆದಂತೆ. ಅವನ ಸೀಟು ಅವನದೇ ಆಗಿರಲಿ, ಹೊಸ ಜಾಗ ಹೊಸಬರಿಗೆ. ಕ್ಯಾರಿಯರಿನ ಪರವಾಗಿ ಇದೂ ಒಂದು ಕಾರಣ. ಜೋಡಿ ಗಾಡಿ ಬರುವುದಾದರೆ ಎರಡು ವಾರ ಮೊದಲೇ ತಂದು, ಕೂಸಿನ ಜಾಗದಲ್ಲಿ ಒಂದು ಗೊಂಬೆ ಮಲಗಿಸಿ, ಅದೇ ಡೇಕೇರ್ ದಾರಿಯಲ್ಲಿ ದಿನಾ ತಳ್ಳಿ. ಗೊಂಬೆಯ ಬೆಲ್ಟ್ ಹಾಕುವ ಕೆಲಸ ಅವನಿಗೆ ಕೊಡಿ. ಕೂಸು ಬಂದ ಮೇಲೂ ಬ್ರೇಕ್ ಒತ್ತಿದೆಯಾ ಎಂದು ಅವನನ್ನೇ ಕೇಳಿ, ಅವನು ಬಗ್ಗಿ ನೋಡಿ ಹೂಂ ಅನ್ನಲಿ. ನೀವೂ ಒಮ್ಮೆ ನೋಡಿಕೊಳ್ಳಿ, ಅವನಿಗೆ ಗೊತ್ತಾಗದ ಹಾಗೆ.